ಪ್ರಮೀಳಾ ವೈನಿಯ ‘ಗೊತ್ತಿಲ್ಲ’

ಪ್ರಮೀಳಾ ವೈನಿ “ಗೊತ್ತಿಲ್ಲ” ಎನ್ನುವಾಗ ಕನ್ನಡಕ ತೆಗೆದು ಎದುರಿನವರ ಮುಖ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಉತ್ತರ ಬಾರದಿದ್ದರೂ ಜಾಗ ಖಾಲಿ ಬಿಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತು ಬಂದ ನನಗೆ ಅದು ವಿಚಿತ್ರವೆನಿಸುತ್ತಿತ್ತು.

ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ವಿಜಯಪುರದ ಕಡೆಯವರು; ಅಲ್ಲಿ ಅತ್ತಿಗೆಯನ್ನು ಕರೆಯುವಂತೆ ನಾವೂ ವೈನಿ ಎನ್ನುತ್ತಿದ್ದೆವು. ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್, ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಏನು ಕೆಲಸವೆಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದ್ದರು: “ಕಂಪ್ಯೂಟರಿನ ಒಳಗ ಕರ್ನಲ್ ಅಂತ ಇರ್ತದ್ರಿ, ಎಲ್ಲಾ ಅದರ ಕೈಯಾಗ. ಯಾವುದೋ ಫೈಲ್ ಬದಲಾತು, ಸಂಪರ್ಕ ಕಡೀತು ಅಂದ್ರ ಸೂಚನಾ ಕೊಡತದ. ಆದ್ರ ಬರೇ ಅಂಕಿ. ಅದನ್ನ ಮನುಷ್ಯಾರು ಓದೂ ಹಂಗ ಮಾಡೂ ಪ್ರೋಗ್ರಾಮ್ ನಾ ಸಿ ಭಾಷಾದಾಗ ಬರೀತೀನಿ.”

ಒಮ್ಮೆ ಫೋನಿನಲ್ಲಿ ಸಹೋದ್ಯೋಗಿಯನ್ನು ಗದರುತ್ತಿದ್ದರು. ಸೂಚನೆಯೊಂದರಲ್ಲಿ, ಏನನ್ನು ಹೇಳುತ್ತದೆಂದು ಯಾರಿಗೂ ತಿಳಿಯದ, ಹೆಸರಿಲ್ಲದ ಅಂಕಿಯೊಂದು ಉಳಿದಿತ್ತಂತೆ. ಅಂದಗೆಡುತ್ತದೆಂದು ಅವನು ಅದನ್ನು ಕೈಬಿಟ್ಟಿದ್ದ. “ಚಂದ ಕಾಣ್ಲಿ ಅಂತ ಸುಳ್ಳು ಬರೀತಿಯೇನಪಾ? ಗೊತ್ತಿದ್ದದ್ದಕ್ಕ ಹೆಸರು ಬರಿ. ಉಳದ ಅಂಕಿ ಹಂಗ ಇರ್ಲಿ, ಬಾಜೂಕ ಗೊತ್ತಿಲ್ಲ ಅಂತ ಹಾಕು. ನಾಳೆ ಯಾರಿಗರೆ ಬೇಕಾಗತದ.”

ಆಮೇಲೆ ಅವರ ಯಜಮಾನರಾದ ರಾಯರಿಗೆ ಲಕ್ವಾ ಹೊಡೆದು ಮಾತು ನಿಂತಿತು. ಎಡಗೈಯ ಬೆರಳುಗಳಷ್ಟೇ ಆಡುತ್ತಿದ್ದವು. ಬಂದವರೆಲ್ಲ ಆ ಬೆರಳಾಟಕ್ಕೆ ಅರ್ಥ ಹೇಳುವವರೇ. ನೋಡಿಕೊಳ್ಳಲು ಬರುತ್ತಿದ್ದ ಮರಾಠಿ ಹೆಂಗಸು “ಪಾಣೀ ಪಾಹಿಜೆ” ಎಂದು ನೀರು ತರುವಳು. ಮೈದುನ “ಅಣ್ಣಗ ಊರಿಗೆ ಹೋಗೂದದ ವೈನಿ” ಎನ್ನುವರು. ಇವರ ಮಾತಿಗೆ ಹೂಂ ಎಂದುಬಿಟ್ಟರೆ ರಾಯರಿಗೆ ನಿಜಕ್ಕೂ ಬೇಕಾದದ್ದು ಅವರೊಳಗೇ ಉಳಿದುಹೋಗುತ್ತದೆಂದು ವೈನಿಗೆ ಹೆದರಿಕೆ. ಹತ್ತಿರ ಕೂತು ಒಂದೊಂದಾಗಿ ಕೇಳುವರು: “ನೀರೇನ್ರಿ? ಫ್ಯಾನೇನು? ಬೆನ್ನು ಹಿಡದದೇನು?” ಹೌದಾದರೆ ಹೆಬ್ಬೆರಳು ಮಡಚುತ್ತಿತ್ತು. ಒಂದು ಮಧ್ಯಾಹ್ನವಿಡೀ ಕೇಳಿ ಕೇಳಿ, ಕಾಲಡಿಯ ಚಾದರ ಸುಕ್ಕಾಗಿದೆಯೆಂದು ತಿಳಿಯಿತು. ಚಾದರ ಎಳೆದು ಸರಿಮಾಡಿದ ವೈನಿ ಆ ಪಾದವನ್ನು ಹಿಡಿದುಕೊಂಡೇ ತುಸು ಹೊತ್ತು ಕೂತರು.

ರಾಯರು ತೀರಿಕೊಂಡ ಬೆಳಿಗ್ಗೆ ತೋರುಬೆರಳು ಹಿಂದೆಂದೂ ಇಲ್ಲದ ರೀತಿಯಲ್ಲಿ ಆಡಿತಂತೆ. ಕೇಳುವಷ್ಟರಲ್ಲಿ ಉಸಿರು ನಿಂತಿತ್ತು.

ವೈನಿ ಮನೆ ಖಾಲಿ ಮಾಡಿದ ದಿನ ಲಿಫ್ಟಿನ ತನಕ ಹೋದೆ. “ಬೆರಳಾಡಿಸಿ ನಿಮ್ಮನ್ನ ಹರಸಿರಬೇಕ್ರಿ ಅವರು,” ಎಂದೆ.

“ಎಲ್ಲಾರೂ ಹಂಗ ಅಂತಾರ್ರಿ, ನನಗ ಸಮಾಧಾನ ಆಗ್ಲಿ ಅಂತ.” ನನ್ನ ಕೈ ಹಿಡಿದುಕೊಂಡರು. “ಏನೋ ಹೇಳಿದ್ರು, ಅಷ್ಟು ಖರೆ. ಅದರ ಮ್ಯಾಲ ನನ್ನ ಮಾತು ಇಟ್ರ, ಅವರದು ಹೋಗಿಬಿಡತದ.”

ಲಿಫ್ಟಿನೊಳಗೆ ನಿಂತು, ಆ ಬೆಳಿಗ್ಗೆ ರಾಯರ ಬೆರಳು ಆಡಿದಂತೆಯೇ ತಮ್ಮ ತೋರುಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ಅರ್ಧ ಸುತ್ತು ತಿರುಗಿಸಿ, ನಡುವೆಯೇ ನಿಲ್ಲಿಸಿ ತೋರಿಸಿದರು. ಬಾಗಿಲು ಮುಚ್ಚಿತು. ಮತ್ತೆ ಅವರನ್ನು ನಾನು ಕಂಡಿಲ್ಲ.