ಎರಡನೆಯ ಡಿಗ್ರಿಯ ಬಾಗಿಲು

ಎರಡು ಸಾವಿರದ ಆರರ ಸುಮಾರಿಗೆ ನಾನು ಗೋವೆಯ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಅಪ್ಪ ವಿಜಾಪುರದ ಕಡೆಯಿಂದ ಅಲ್ಲಿಗೆ ಬಂದ ಗೌಂಡಿ, ಚೀರೆಕಲ್ಲಿನ ಗೋಡೆ ಕಟ್ಟುವವರು.

ಧಾರವಾಡದವರಾದ ನಮ್ಮ ಮ್ಯಾನೇಜರರು ನನ್ನನ್ನು ಫ್ರೀಮೇಸನರ ಲಾಡ್ಜಿಗೆ, ಅಂದರೆ ಅವರ ಸಭೆಗೆ, ಸೇರಿಸಿದರು. ಕಲ್ಲುಕುಟಿಗರ ಕಸುಬನ್ನೇ ಸಂಕೇತವಾಗಿಟ್ಟುಕೊಂಡ ಆ ಸಭೆಯಲ್ಲಿ ಮೂರು ಡಿಗ್ರಿಗಳು, ಅಂದರೆ ಮೂರು ಹಂತಗಳು, ಇವೆ. ಮೊದಲನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಒಳಹೋಗಿ, ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಪ್ರಮಾಣ ಮಾಡಿ, ಬಿಳಿಯ ಚರ್ಮದ ಏಪ್ರನ್ ಪಡೆದಿದ್ದೆ. ಎರಡನೆಯದಕ್ಕೆ ಏರಬೇಕಾದರೆ ಗೊತ್ತುಪಡಿಸಿದ ಪ್ರಶ್ನೆಗಳಿಗೆ ತುಂಬಿದ ಸಭೆಯಲ್ಲಿ ಬಾಯಿಪಾಠದ ಉತ್ತರ ಕೊಡಬೇಕು. ವೈದ್ಯರು, ವಕೀಲರು ಕೂರುವ ಆ ಸಭೆಯಲ್ಲಿ ಒಂದು ಮೆಟ್ಟಿಲು ಏರಿದರೆ ನಾನೂ ಅವರಲ್ಲೊಬ್ಬನಾಗುವೆನೆಂದು ನಂಬಿದ್ದೆ.

ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಇಂಗ್ಲಿಷ್ ಉತ್ತರಗಳ ಅರ್ಥ ಮನಸ್ಸಿನಲ್ಲಿ ನಿಲ್ಲಲೆಂದು ಒಂದು ಭಾನುವಾರ ಮಧ್ಯಾಹ್ನ ಅವನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಅಪ್ಪ ಮಲಗಿದ್ದಾರೆಂದುಕೊಂಡಿದ್ದೆ. ಒರಟು ಕಲ್ಲನ್ನು ಹದಗೊಳಿಸುವ ಮಾತು ಬರುತ್ತಲೇ ಅವರು ನಕ್ಕರು.

"ಲೇ, ಕಲ್ಲ ಕೆತ್ತೂದು ಕಲಿಯಾಕ ನಿಮ್ಮ ಸಾಹೇಬರಿಗೆ ಇಂಗ್ಲಿಷ್ ಯಾಕ? ನನ್ನ ಕರೀಲಿ, ಒಂದ ದಿನದಾಗ ಕಲಸ್ತೀನಿ."

"ಯಪ್ಪಾ, ಇದನ್ನ ಯಾರ ಮುಂದೂ ಅನಬ್ಯಾಡ."

"ಯಾರ ಮುಂದ ಅನ್ಲಿ? ಚೀರೆಕಲ್ಲಿನ ಮುಂದ?"

ಪ್ರಮಾಣ ಮುರಿಯಿತೆಂಬ ಅಂಜಿಕೆಯಿಂದ ಮರುದಿನವೇ ಮ್ಯಾನೇಜರರ ಬಳಿ ಒಪ್ಪಿಕೊಂಡೆ. ಅವರು ಬೆನ್ನು ತಟ್ಟಿದರು. "ಅಪ್ಪ ಕೇಳಿದ್ರ ಏನಾತೋ ತಮ್ಮಾ? ನಮ್ಮಿಬ್ಬರೊಳಗ ಇರ್ಲಿ. ನೀ ಪಾಠ ಗಟ್ಟಿ ಮಾಡು."

ಆ ಶನಿವಾರ ಸಂಜೆ ಒಂದು ಪದವೂ ತಪ್ಪದೆ ಉತ್ತರಿಸಿದೆ. ಪದ್ಧತಿಯಂತೆ ನನ್ನನ್ನು ಹೊರಗೆ ಕಳಿಸಿದರು. ಕತ್ತಿ ಹಿಡಿದು ಬಾಗಿಲು ಕಾಯುವ ಸದಸ್ಯರು ನನ್ನ ಏಪ್ರನ್ನಿನ ಗಂಟನ್ನು ಸರಿಪಡಿಸಿದರು. ಬಹಳ ಹೊತ್ತಿನ ಮೇಲೆ ಕಾರ್ಯದರ್ಶಿಗಳು ಬಂದು, ಈ ದಿನ ಎರಡನೆಯ ಡಿಗ್ರಿಯ ಸಂಸ್ಕಾರ ನಡೆಯುವುದಿಲ್ಲ ಎಂದರು. ಉತ್ತರಗಳನ್ನು ನಾನು ಹೊರಗಿನವರಿಗೆ ಕೇಳಿಸಿದ್ದೇನೆಂದು ಸದಸ್ಯರೊಬ್ಬರು ಆಕ್ಷೇಪಿಸಿದ್ದರಂತೆ. ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಸಭೆ ಮುಗಿದ ಮೇಲೆ ಕಾರಿನ ಬಳಿ ಮ್ಯಾನೇಜರರನ್ನು ತಡೆದೆ. "ಸರ್, ನೀವ ಹೇಳಿದ್ರೇನ್ರಿ?"

"ಹೇಳಬೇಕಾತಪಾ. ನಾಳೆ ಗೊತ್ತಾದ್ರ, ನಿನ್ನ ಕರ್ಕೊಂಡ ಬಂದಾವ ನಾನು, ನನ್ನ ಕುತ್ತಿಗಿಗೆ ಬರ್ತಿತ್ತು. ಗೌಂಡಿ ಮನಿ ಹುಡುಗ ಅಂತ ಮೊದಲ ಮಂದಿ ಮೂಗು ಮುರದಿದ್ರು."

ನಿಯಮ ಮುರಿದವನು ನಾನೇ. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಅದು ಅಪರಾಧವೆಂದು ಅವರು ಅಂದೇ ಹೇಳಿದ್ದರೆ ಸಭೆಯ ಮುಂದೆ ನಾನೇ ನಿಂತು ಒಪ್ಪಿಕೊಳ್ಳುತ್ತಿದ್ದೆ. ಅವರು ಬೆನ್ನು ತಟ್ಟಿ ಕಳಿಸಿದ್ದರು.

ಮನೆಯಲ್ಲಿ ಅಪ್ಪ ಊಟ ಮಾಡದೆ ಕಾದಿದ್ದರು. "ಪಾಸಾತೇನು?"

ತಮ್ಮ ಕಿವಿಯೇ ನನಗೆ ಮುಳುವಾಯಿತೆಂದು ಅವರಿಗೆ ತಿಳಿಯಬಾರದಿತ್ತು. "ಮುಂದಕ್ಕ ಹಾಕ್ಯಾರ. ಮಂದಿ ಬಂದಿರ್ಲಿಲ್ಲ."

"ಹಾಕ್ಲಿ ಬಿಡು," ಎಂದು ಅಪ್ಪ ತಟ್ಟೆ ಎಳೆದುಕೊಂಡರು. "ನಿಮ್ಮ ಸಾಹೇಬರು ಅದಾರಲ್ಲ, ನಿನ್ನ ಕೈ ಬಿಡಂಗಿಲ್ಲ."

ನಾನು ಹೌದೆಂದೆ.