ಮೇಲ್ಮನೆಯ ಆಂಬುಲೆನ್ಸ್ ಅಕ್ಕ

ಅವರ ಬಲ ಭುಜ ಎಡಭುಜಕ್ಕಿಂತ ಒಂದಿಷ್ಟು ಇಳಿದಿತ್ತು. ವರ್ಷಗಟ್ಟಲೆ ಸ್ಟ್ರೆಚರ್ ಎತ್ತಿದ ಭುಜ ಅದು. ನಾವು ಪರದೇಶದಲ್ಲಿ, ಸ್ಕಾರ್‌ಬರೋದ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಾಗ ಮೇಲಿನ ಮನೆ ಅವರದು. ಧಾರವಾಡದವರು, ಆಂಬುಲೆನ್ಸಿನಲ್ಲಿ ರೋಗಿಗಳಿಗೆ ಮೊದಲ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್. ನಾನು ಅಕ್ಕಾ ಎನ್ನುತ್ತಿದ್ದೆ. ಊಟಕ್ಕೆ ಕರೆದರೂ ನಿಂತೇ ತಿನ್ನುತ್ತಿದ್ದರು. "ಕುಂತಕೂಡ್ಲೆ ಫೋನ್ ಬರ್ತದ," ಎಂದು ನಗುತ್ತಿದ್ದರು.

೨೦೧೭ರ ಚಳಿಗಾಲ. ನನ್ನ ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಒಂದು ಮಧ್ಯಾಹ್ನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದವಳ ಕೈ ಸುಮ್ಮನೆ ಕೆಳಗೆ ಬಿತ್ತು. "ಏನಾಯ್ತಮ್ಮಾ?" ಎಂದರೆ ಬರೀ ತೊದಲು. ಗಂಡ ದೂರದ ಬೋಲ್ಟನ್‌ನ ಗೋದಾಮಿನಲ್ಲಿ ಶಿಫ್ಟಲ್ಲಿದ್ದ. ಮಗುವನ್ನೆತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಅಕ್ಕನನ್ನು ಕೂಗಿದೆ.

ಅವರು ಬಂದು ಅಮ್ಮನ ಎದುರು ಮಂಡಿಯೂರಿದರು. "ಅಮ್ಮಾ, ಸ್ವಲ್ಪ ನಗ್ರಿ. ಎರಡೂ ಕೈ ಎತ್ರಿ." ಬಾಯಿ ಒಂದೇ ಕಡೆ ಎಳೆಯಿತು, ಬಲಗೈ ಏಳಲಿಲ್ಲ. ನಾನು ನೀರು ಕುಡಿಸಲು ಹೋದರೆ ಲೋಟ ತೆಗೆದಿಟ್ಟರು. "ಏನೂ ಕುಡಸಬ್ಯಾಡ, ಗಂಟಲಾಗ ಸಿಗತದ. ಕಡೀಕ ಚಲೋ ಮಾತಾಡಿದ್ದು ಯಾವಾಗ? ಡಾಕ್ಟರ್ ಮೊದಲು ಅದನ್ನ ಕೇಳ್ತಾರ." ಅಷ್ಟರಲ್ಲಿ ಆಂಬುಲೆನ್ಸ್ ಕರೆಯುವ ೯೧೧ಕ್ಕೆ ಫೋನ್ ಹಚ್ಚಿಯೂ ಆಗಿತ್ತು.

"ಇಲ್ಲೇ ಪಕ್ಕದ ಆಸ್ಪತ್ರೆಗೆ ಹೋಗೋಣ ಅಕ್ಕಾ, ನನ್ನ ಹೆರಿಗೆ ಆದದ್ದು ಅಲ್ಲೇ."

"ಬ್ಯಾಡ. ಇದು ಮಿದುಳಿನಾಗ ರಕ್ತ ಹೆಪ್ಪುಗಟ್ಟಿದಂಗ ಕಾಣಸ್ತದ. ಅದನ್ನ ನೋಡೋ ಟೀಮ್ ದೂರದ ಆಸ್ಪತ್ರ್ಯಾಗದ. ಆಂಬುಲೆನ್ಸ್ ಇದನ್ನ ದಾಟಿ ಸೀದಾ ಅಲ್ಲಿಗೇ ಹೋಗ್ತದ. ದಾರ್ಯಾಗ ಅಂಜಬ್ಯಾಡ. ಕೂಸನ್ನ ನನ್ನ ಕಡೆ ಕೊಡು."

ಆಂಬುಲೆನ್ಸು ಪಕ್ಕದ ಆಸ್ಪತ್ರೆಯ ಗೇಟು ದಾಟಿದಾಗ ಹಿಂತಿರುಗಿ ನೋಡಿದೆ. ಅಕ್ಕನ ಮಾತು ನಂಬಿ ಸುಮ್ಮನೆ ಕೂತೆ. ಆಂಬುಲೆನ್ಸಿನವರು ಮುಂಚೆಯೇ ತಿಳಿಸಿದ್ದರಿಂದ ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಕಾದಿದ್ದರು. ಸ್ಕ್ಯಾನು, ಇಂಜೆಕ್ಷನ್ನು. ಸಂಜೆ ಅಮ್ಮ ಮೆಲ್ಲಗೆ, ಆದರೆ ತಿಳಿಯುವಂತೆ ಕೇಳಿದಳು: "ಮಗು ಹಾಲು ಕುಡೀತಾ?" ನನಗೆ ಅಳು, ನಗು ಒಟ್ಟಿಗೇ ಬಂತು. ಮನೆಗೆ ಫೋನ್ ಮಾಡಿದರೆ ಅಕ್ಕ, "ಬಾಟ್ಲಿ ಹಾಲು ಕುಡದು ನನ್ನ ಎದಿ ಮ್ಯಾಲೆ ಮಲಗೇದ," ಎಂದರು.

ಚೇತರಿಸಿಕೊಂಡ ಅಮ್ಮ ಒಂದು ದಿನ ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಅವರ ಅಡುಗೆಮನೆಗೇ ಹೋಗಿ ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಅಕ್ಕ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ, "ನಾವು ಪೇಶಂಟನ್ನ ದವಾಖಾನಿಗೆ ಮುಟ್ಟಿಸಿ ಬರ್ತೀವ್ರಿ. ಮುಂದ ಅವರು ಉಳದ್ರೋ ಇಲ್ಲೋ ನಮಗ ಗೊತ್ತಾಗೂದಿಲ್ಲ. ನೀವು ನಡ್ಕೊಂಡು ಬಂದು ತೋರಿಸಿದ್ರಿ," ಎಂದರು.

೨೦೧೯ರಲ್ಲಿ ಅಕ್ಕ ದೂರದ ಜಾರ್ಜ್‌ಟೌನಿಗೆ ಮನೆ ಬದಲಿಸಿದರು. ಮೈಸೂರಿಗೆ ಮರಳಿದ ಅಮ್ಮ ಈಗಲೂ ಭಾನುವಾರ ಮೊದಲು ಅವರಿಗೇ ಫೋನ್ ಮಾಡುತ್ತಾಳೆ, ಆಮೇಲೆ ನನಗೆ.