ಮೂರನೆಯ ಕೂಗು

ಊಟಿ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಮನೆಯ ಮುಂಭಾಗದ ಅಂಗಡಿಯಲ್ಲಿ ಜಿಯಾವುಲ್ಲಾ ಬಿದಿರಿನ ಪೀಪಿಯನ್ನು ತುಟಿಗೆ ಹಿಡಿದುಕೊಂಡು ಕಾದ. ಎದುರಿಗೆ ಬಣ್ಣದ ಡಬ್ಬದ ಮೇಲೆ ಮೊಬೈಲು ನಿಂತಿತ್ತು, ರೆಕಾರ್ಡಿಂಗ್ ನಡೆದಿತ್ತು. ಕೊನೆಯ ಲಾರಿಯೂ ದಾಟಿ ಬೀದಿ ಒಂದು ಗಳಿಗೆ ಸುಮ್ಮನಾದಾಗ ಊದಿದ.

ಬಂದದ್ದು ಹಕ್ಕಿಯ ದನಿಯಲ್ಲ, ಮನುಷ್ಯನ ದನಿ. ವಯಸ್ಸಾದ ಗಂಡಸೊಬ್ಬ ಹೊಲದ ಆಚೆ ತುದಿಯಿಂದ ಕೂಗುವಂಥ ದನಿ. ಮೊದಲು ಸ್ವಲ್ಪ ಒಡೆದು, ಕೊನೆಯಲ್ಲಿ ಮೇಲಕ್ಕೆದ್ದು ನಿಂತಿತು. ಇನ್ನೊಮ್ಮೆ ಊದಿದ. ಅದೇ ದನಿ.

ಒಳಮನೆಯ ಪರದೆ ಸರಿಸಿ ಹೆಂಡತಿ ಅಜೀಜಾ ತಲೆ ಹಾಕಿದಳು.

"ಕಿಸ್ಕೂ ಬುಲಾರೈಂ ಜೀ?" ಯಾರನ್ನು ಕರೆಯುತ್ತಿದ್ದೀರಿ ಎಂದು ಅವಳು ಕೇಳಿದ್ದು. ಆ ಮನೆಯ ಮಾತು ಉರ್ದು.

"ಯಾರನ್ನೂ ಇಲ್ಲ. ವೀಡಿಯೊ."

"ಮನೆಯೊಳಗೆ ಸಿಳ್ಳೆ ಹಾಕಬೇಡಿ ಅಂತ ನಮ್ಮ ಅಜ್ಜಿ ಬಡಕೊಳ್ಳೋರು. ಕರೆದಮೇಲೆ ಯಾರು ಬರ್ತಾರೆ ಅನ್ನೋದು ನಮ್ಮ ಕೈಲಿರಲ್ಲ."

"ಬರಲಿ ಬಿಡು. ಬಂದವರು ಸಬ್‌ಸ್ಕ್ರೈಬ್ ಮಾಡಿ ಹೋಗಲಿ."

ಅಜೀಜಾ ನಗಲಿಲ್ಲ. ಪರದೆ ಮತ್ತೆ ಮುಚ್ಚಿಕೊಂಡಿತು.

ಗುಂಡ್ಲುಪೇಟೆಯಲ್ಲಿ ಜಿಯಾವುಲ್ಲಾ ಮಂಚ, ಬಾಗಿಲು, ಕಿಟಕಿ ಮಾಡಿಕೊಡುವ ಬಡಗಿ. ಕೆಲಸವಿಲ್ಲದ ಹೊತ್ತಿನಲ್ಲಿ ಮರದಿಂದಲೂ ಬಿದಿರಿನಿಂದಲೂ ಹಕ್ಕಿಗಳ ದನಿ ಹೊರಡಿಸುವ ಪೀಪಿ ಮಾಡುತ್ತಾನೆ. ಕುಟ್ರುಹಕ್ಕಿಗೊಂದು, ಗೌಜಲಹಕ್ಕಿಗೊಂದು, ಕೋಗಿಲೆಗೆ ಗಂಡಿಗೊಂದು ಹೆಣ್ಣಿಗೊಂದು. ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರಿಸಿ ತನ್ನ ಚಾನೆಲ್‌ಗೆ ಹಾಕುತ್ತಾನೆ. ವೀಡಿಯೊದಲ್ಲಿ ಅವನ ಮುಖವಿಲ್ಲ, ಮಾತಿಲ್ಲ; ಎರಡು ಕೈ, ಉಳಿ, ಅರ, ಬೀಳುವ ಪುಡಿ. ಕೊನೆಗೆ ಒಂದು ಕೂಗು. ನೋಡುವವರು ಕೆಲವೇ ಮಂದಿ. ಐದು ವರ್ಷದ ಗಳಿಕೆಯಲ್ಲಿ ಒಂದು ಮೈಕು ಬಂತು. ಮೈಕು ಬಂದಮೇಲೆ ಗಳಿಕೆ ಉಳಿಯಲಿಲ್ಲ. "ಇದಕ್ಕೆ ಹಾಕೋ ಹೊತ್ತಲ್ಲಿ ಎರಡು ಸ್ಟೂಲ್ ಮಾಡಿದ್ದರೆ ಕೂರೋಕಾದರೂ ಆಗ್ತಿತ್ತು" ಎನ್ನುವುದು ಅಜೀಜಾಳ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲವೆಂದು ಅವನಿಗೂ ಗೊತ್ತು. ಆದರೂ ಬುಧವಾರ, ಅಂಗಡಿಗೆ ರಜೆಯ ದಿನ, ಮೈಕು ಚೀಲದಲ್ಲಿಟ್ಟುಕೊಂಡು ಹಂಗಳದ ಬಸ್ಸು ಹತ್ತುತ್ತಿದ್ದ.

ಹಂಗಳದಲ್ಲಿ ಅವನಿಗೆ ಬಿದಿರು ಕೊಡುತ್ತಿದ್ದವನು ಬೀರಯ್ಯ. ಬಂಡೀಪುರದ ಕಾಡಿಗೆ ತಾಗಿದಂತೆ ಇರುವ ಹೊಲದಲ್ಲಿ ಜೋಳ, ಹುರುಳಿ, ಒಂದಿಷ್ಟು ಚೆಂಡುಹೂ ಬೆಳೆಯುತ್ತಿದ್ದ ಮುದುಕ. ಹೊಲದ ತುದಿಯಲ್ಲಿ ನಾಲ್ಕು ಕಾಲಿನ ಬಿದಿರಿನ ಅಟ್ಟಣೆ. ಕೋತಿ, ಹಂದಿ, ನವಿಲು ಕಾಯಲು ಹಗಲೆಲ್ಲ ಅಲ್ಲೇ ಕೂರುತ್ತಿದ್ದ. ಮನೆ ಹೊಲದ ಈ ತುದಿಯಲ್ಲಿ. ನಡುವೆ ಬೇಲಿಗೆ ಹಬ್ಬಿದ ಲಂಟಾನದ ಪೊದೆ, ಅದರ ಬದಿಯಲ್ಲೇ ಕಾಲುದಾರಿ.

ಹಸಿವಾದಾಗ ಬೀರಯ್ಯ ಅಟ್ಟಣೆಯಿಂದ ಎರಡು ಸಲ ಕೂಗುತ್ತಿದ್ದ. ಎರಡು ಕೂಗಿ ನಿಂತರೆ "ಬಾ" ಎಂದರ್ಥ. ಹೆಂಡತಿ ಸಣ್ಣತಾಯಮ್ಮ ಬುತ್ತಿ ಹಿಡಿದು ಹೊರಡುತ್ತಿದ್ದಳು. ಎರಡರ ಹಿಂದೆಯೇ ಮೂರನೆಯದೊಂದು ಬಂದರೆ "ಬರಬೇಡ" ಎಂದು, ದಾರಿಯಲ್ಲಿ ಆನೆ ಇದೆ ಎಂದು. ಎರಡು ಕೂಗಿ ಆದಮೇಲೆ ಆನೆ ಕಣ್ಣಿಗೆ ಬಿದ್ದದ್ದೂ ಉಂಟು, ಹಾಗಾಗಿ ಎರಡಕ್ಕೆ ಯಾರೂ ಕೂಡಲೇ ಹೆಜ್ಜೆ ಎತ್ತುವುದಿಲ್ಲ, ಸ್ವಲ್ಪ ತಾಳಿ ಹೊರಡುತ್ತಾರೆ. ಆ ಸಾಲಿನ ಹೊಲದವರೆಲ್ಲರಿಗೂ ಇದು ಗೊತ್ತು, ಯಾವ ಕೂಗು ಯಾರದೆಂದೂ ಗೊತ್ತು.

ಜಿಯಾವುಲ್ಲಾ ಒಮ್ಮೆ ಆ ಮೂರನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ. ಮರುವರ್ಷದ ಚಳಿಗಾಲದಲ್ಲಿ ಬೀರಯ್ಯನಿಗೆ ಜ್ವರ ಬಂತು. ಅಟ್ಟಣೆಯಿಂದ ಇಳಿಸಿ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ತೀರಿಕೊಂಡ. ಜಿಯಾವುಲ್ಲಾ ಮಣ್ಣಿಗೆ ಹೋಗಿ ಬಂದ. ಬಂದಮೇಲೆ ಬಹಳ ದಿನ ಆ ರೆಕಾರ್ಡಿಂಗ್ ಕೇಳಲಿಲ್ಲ. ಕೇಳಿದ ದಿನ, ಬೀರಯ್ಯ ಕೊಟ್ಟಿದ್ದ ಬಿದಿರಿನ ಕೊನೆಯ ತುಂಡು ಎತ್ತಿಕೊಂಡು ಆ ದನಿಗೆ ಸರಿಯಾಗುವವರೆಗೆ ಕೊರೆದ.

ಲಾರಿಗಳ ನಡುವೆ ಊದಿದ್ದು ಅದನ್ನೇ.

ಪೀಪಿಗೆ ಒಂದೇ ತೂತು. ಮೂರನೆಯ ಕೂಗು ಬೇರೆ ಥರ, ಕೆಳಕ್ಕೆ ಇಳಿಯುವಂಥದು; ಅದಕ್ಕೆ ಇನ್ನೊಂದು ತೂತು ಬೇಕಿತ್ತು. ಸಣ್ಣ ವೀಡಿಯೊ ತಾನೇ, ಎರಡು ಸಾಕು ಎಂದುಕೊಂಡ. ಮೊಬೈಲು ತುಂಬಿಹೋಗಿದ್ದರಿಂದ ಬೀರಯ್ಯನ ರೆಕಾರ್ಡಿಂಗನ್ನೂ ಅಳಿಸಿದ. ಪೇಟೆಯವನಿಗೆ ಹೊಳೆಯದ ಸಂಗತಿ ಅದು: ಮೂರನೆಯದನ್ನು ಕತ್ತರಿಸಿದ ಮೇಲೆ ಉಳಿದದ್ದು ಬರೀ "ಬಾ".

ಆ ವೀಡಿಯೊ ಓಡಿತು. ಅವನ ಯಾವ ಕುಟ್ರುಹಕ್ಕಿಯೂ ಅಷ್ಟು ದೂರ ಹೋಗಿರಲಿಲ್ಲ. ಕೇರಳದಿಂದ, ದುಬೈಯಿಂದ ಜನ ಕಮೆಂಟು ಹಾಕಿದರು. ಕೇಳಿದರೆ ಮೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಮಂದಿ ಬರೆದರು. ಈ ತಿಂಗಳು ಕೈಗೆ ಏನಾದರೂ ಬರಬಹುದೆಂದು ಮೊದಲ ಸಲ ಅನ್ನಿಸಿತು.

ಆಗ ಶಶಿಕುಮಾರನ ಫೋನು ಬಂತು. ಬೀರಯ್ಯನ ಪಕ್ಕದ ಹೊಲದವನು.

"ಸಾಬ್ರೇ, ನಿಮ್ಮ ಆ ವೀಡಿಯೊ ತಗ್ದಾಕ್ಬುಡಿ."

"ಯಾಕಪ್ಪ, ಏನಾಯ್ತು?"

"ಇಲ್ಲಿ ಐಕ್ಳೆಲ್ಲ ಅದ್ನೇ ಮೊಬೈಲಲ್ಲಿ ಆಕ್ಕೊಂಡು ತಿರುಗ್ತಾವೆ. ಸಣ್ಣತಾಯಮ್ಮ ಮಟಮಟ ಮಧ್ಯಾನದಲ್ಲಿ ಬುತ್ತಿ ಇಡ್ಕೊಂಡು ಕಾಡ್ಕಡೆ ನಡೀತದೆ. ಅಟ್ಟಣೆ ದಾಟಿ ಓಗ್ಬುಟ್ಟಿತ್ತು ಮೊನ್ನೆ. ನಾನ್ ಓಡೋಗಿ ಕರ್ಕಬಂದೆ."

"ಏನಂತಾರೆ ಕೇಳಿದ್ರೆ?"

"ಕರುದ್ರಲ್ಲ, ಓಗ್ಬ್ಯಾಡ್ವಾ, ಅಂತದೆ. ಆನೆ ಇಳಿಯೋ ಕಾಲ ಕಣ್ರೀ ಇದು. ನಾಳೆ ಇಂಗೇ ಓಗಿ ಏನಾರ ಆದ್ರೆ ಯಾರ ತಲ್ಮ್ಯಾಕೆ?"

ಜಿಯಾವುಲ್ಲಾ ಅರ ಕೆಳಗಿಟ್ಟು ವೀಡಿಯೊ ಅಳಿಸಿದ. ಅಳಿಸಲೇ ಎಂದು ಮೊಬೈಲು ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಒತ್ತಿದ. ಅಜೀಜಾ ನೋಡುತ್ತ ನಿಂತಿದ್ದಳು. ಚಹಾ ತಂದು ಪಕ್ಕದಲ್ಲಿಟ್ಟಳು.

ಒಂದು ವಾರ ಕಳೆದು ಶಶಿಕುಮಾರ ಮತ್ತೆ ಫೋನು ಮಾಡಿದ. ಈ ಸಲ ದನಿ ತಗ್ಗಿತ್ತು.

"ವೀಡಿಯೊ ತಗ್ದ್ರಾ?"

"ಅವತ್ತೇ ತೆಗೆದೆನಲ್ಲಪ್ಪ."

"ಮತ್ತೆ... ಇವತ್ತು ನಾನೇ ಕೇಳುಸ್ಕೊಂಡೆ ಸಾಬ್ರೇ. ಚೆಂಡೂವ ಕುಯ್ತಿದ್ದೆ. ಒಂದು ಐಕ್ಳೂ ಇರ್ನಿಲ್ಲ, ಒಂದು ಮೊಬೈಲೂ ಇರ್ನಿಲ್ಲ. ಬಿದ್ರು ಮೆಳೆ ಒಳಗಿಂದ ಬಂತು. ಎರಡೇ ಕೂಗು. ಬೀರಯ್ಯನ್ದೇ."



"ಹಕ್ಕಿ ಇರಬೇಕು," ಎಂದ ಜಿಯಾವುಲ್ಲಾ. ಭೀಮರಾಜ ಎಂಬ ಕರಿಯ ಹಕ್ಕಿ ಕೇಳಿದ ದನಿಯನ್ನೆಲ್ಲ ಕಲಿಯುತ್ತದೆಂದು ಅವನಿಗೆ ಗೊತ್ತು. ಅದರ ಪೀಪಿ ಮಾಡಲು ಹೋಗಿ ಸೋತಿದ್ದ. ಇದನ್ನು ಅದು ಕಲಿತದ್ದು ತನ್ನ ವೀಡಿಯೊದಿಂದಲೇ, ಹಂಗಳದ ಮಕ್ಕಳ ಮೊಬೈಲಿನಿಂದಲೇ ಎನ್ನಿಸಿತು. ಮೊಬೈಲಿನಿಂದ ಅಳಿಸಬಹುದು. ಕಾಡಿನಿಂದ ಅಳಿಸುವುದು ಹೇಗೆ?

"ಅಂಗಾದ್ರೆ ಮೂರ್ನೇದೂ ಬರೋ ಅಂಗೆ ಪೀಪಿ ಮಾಡ್ಕೊಡಿ," ಎಂದ ಶಶಿಕುಮಾರ. "ಮಧ್ಯಾನ ನಾನೇ ಊದ್ತೀನಿ. ಮೂರ್ನೇದು ಕೇಳುದ್ರೆ ಅವಮ್ಮ ಎದ್ದೇಳಕಿಲ್ಲ."

ಬುಧವಾರ ಜಿಯಾವುಲ್ಲಾ ಪೀಪಿ, ಉಳಿ, ಕೊರೆಯುವ ಮೊಳೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಮೈಕನ್ನು ಮನೆಯಲ್ಲೇ ಬಿಟ್ಟ. ದಾರಿಯುದ್ದಕ್ಕೂ ಮೂರನೆಯ ಕೂಗನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಎಷ್ಟು ಇಳಿಯುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು? ಬರಲಿಲ್ಲ.

ಸಣ್ಣತಾಯಮ್ಮ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಡದೆಯೇ ನೋಡಿದಳು.

"ಬಾಪ್ಪ ಸಾಬಣ್ಣ. ಎಂಡ್ರು ಚೆನ್ನಾಗವ್ಳಾ? ಬಿದ್ರಿಗೆ ಬಂದ್ಯಾ?"

"ಇಲ್ಲಮ್ಮ. ನಿಮ್ಮನ್ನೇ ನೋಡೋಕೆ ಬಂದೆ."

"ನನ್ನಲ್ಲಿ ಏನದೆ ನೋಡಕೆ?"

ಅವನು ಪೀಪಿ ತೆಗೆದು ತೋರಿಸಿದ. ಎರಡನೆಯ ತೂತು ಕೊರೆದು ಬೆರಳಿಟ್ಟು ಊದಿದ. ದನಿ ಕೆಳಕ್ಕೆ ಇಳಿಯಿತು. ಸಣ್ಣತಾಯಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಅಂಗಲ್ಲ. ಅದು ಇನ್ನೂ ಇಳೀಬೇಕು. ಎದೆಯಾಗೆ ಓಗಿ ಕೂತ್ಕಬೇಕು."

ತೂತನ್ನು ತುಸು ಅಗಲ ಮಾಡಿ ಊದಿದ.

"ಊಂ. ಈಗ ನೀನು ಊದಿದ್ದು ಸರಿಯಾಯ್ತು. ಆದ್ರೂ ಅದು ಅವ್ರಲ್ಲ."

"ಅಮ್ಮ, ನನ್ನ ವೀಡಿಯೊ ಕೇಳಿ ನೀವು ಎದ್ದು ಹೋಗ್ತಿದ್ರಿ ಅಂತ..."

ಸಣ್ಣತಾಯಮ್ಮನಿಗೆ ನಗು ಬಂತು. "ಯಾರಂದೋರು? ಶಶೀನಾ? ಅವ್ನ್ ತಲೇಲಿ ಚೆಂಡೂವ ಬೆಳಿಯ. ಮೊಬೈಲಲ್ಲಿ ಬರೋದು ನಿನ್ನ ಪೀಪಿ ಅಂತ ನಂಗೆ ಗೊತ್ತಾಗಕಿಲ್ವಾ? ನಲ್ವತ್ತೊರ್ಸ ಕೇಳಿವ್ನಿ ಕಣಪ್ಪ. ನಾನು ಓಗದು ಆ ಕಡೆಯಿಂದ ಬರೋದ್ಕೆ."

"ಆ ಕಡೆಯಿಂದ ಯಾವಾಗಿನಿಂದ ಬರುತ್ತೆ?"

"ಅವ್ರು ಓದ ಮೂರ್ನೇ ದಿನದಿಂದ."

ಜಿಯಾವುಲ್ಲಾ ಲೆಕ್ಕ ಹಾಕಿದ. ಆಗ ಪೀಪಿಯೇ ಇರಲಿಲ್ಲ. ಬಿದಿರು ತುಂಡು ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು.

ಅಷ್ಟರಲ್ಲಿ ಹೊಲದ ಆಚೆಯಿಂದ ಕೂಗು ಬಂತು. ಮೊದಲು ಒಡೆದು, ಕೊನೆಗೆ ಮೇಲೆದ್ದಿತು. ಬಿಸಿಲು ನೆತ್ತಿಯ ಮೇಲಿತ್ತು, ಎಲೆ ಅಲುಗುತ್ತಿರಲಿಲ್ಲ. ಮತ್ತೊಂದು ಬಂತು.

ಸಣ್ಣತಾಯಮ್ಮ ಮೊರ ಗೋಡೆಗೆ ಒರಗಿಸಿ ಒಳಗೆ ಹೋದಳು. ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಹಿಡಿದು ಹೊರಬಂದಳು. ಮುದ್ದೆ ಬಿಸಿಯಿದ್ದಿರಬೇಕು, ಬಟ್ಟೆಯಿಂದ ಆವಿ ಏಳುತ್ತಿತ್ತು.

"ಹೋಗಬೇಡಿ ಅಮ್ಮ. ಅದು ಹಕ್ಕಿ."

"ಅಕ್ಕಿಗೂ ಅಸಿವಾಯ್ತದೆ," ಎಂದಳು, ಇಳಿದು ನಡೆದಳು.

ಅವನು ಹಿಂದೆಯೇ ಹೋದ. ಪೀಪಿ ಕೈಯಲ್ಲಿತ್ತು. ಊದಲೇ ಎಂದು ಬಾಯಿಗೆ ತಂದ. ಊದಿದರೂ ಇವಳು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಚೆಂಡುಹೂವಿನ ಸಾಲಿನಲ್ಲಿ ಶಶಿಕುಮಾರ ತಲೆಯೆತ್ತಿ ಇಬ್ಬರನ್ನೂ ನೋಡಿದ, ಬುಟ್ಟಿ ಬಿಟ್ಟು ಬರತೊಡಗಿದ. ಸಣ್ಣತಾಯಮ್ಮ ಲಂಟಾನದ ಪೊದೆಯ ಬದಿಗೆ ಬಂದಿದ್ದಳು. ಅಟ್ಟಣೆ ಖಾಲಿಯಾಗಿ ನಿಂತಿತ್ತು, ಅದರ ಆಚೆ ಬಿದಿರು ಮೆಳೆ.

ಮೆಳೆಯೊಳಗಿಂದ ಮೂರನೆಯ ಕೂಗು ಬಂತು.

ಅದು ಇಳಿಯಿತು, ಇಳಿದು ಎದೆಯಲ್ಲಿ ಹೋಗಿ ಕೂತಿತು. ಜಿಯಾವುಲ್ಲಾನಿಗೆ ಮರೆತದ್ದೆಲ್ಲ ನೆನಪಾಯಿತು. ತಾನು ಕೊರೆದ ತೂತು ಎಷ್ಟು ತಪ್ಪೆಂದೂ ತಿಳಿಯಿತು.

ಸಣ್ಣತಾಯಮ್ಮ ಇಟ್ಟ ಹೆಜ್ಜೆಯಲ್ಲೇ ನಿಂತಳು. "ಬ್ಯಾಡ ಅಂದ್ರು," ಎಂದಳು ಮೆಲ್ಲಗೆ. ಜಿಯಾವುಲ್ಲಾನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಶಶಿಕುಮಾರನೂ ಸೇರಿ ಮೂರು ಜನ ಹೊಲದ ನಡುವಿಗೆ ಬಂದು ನಿಂತಾಗ ಪೊದೆಯ ಆಚೆ ಬಿದಿರು ಮುರಿದ ಸದ್ದಾಯಿತು. ಆಮೇಲೆ ಬೂದು ಬಣ್ಣದ ಬೆನ್ನೊಂದು ಲಂಟಾನದ ಮೇಲೆ ನಿಧಾನವಾಗಿ ಸರಿದು, ಕಾಲುದಾರಿಯನ್ನು ದಾಟಿ, ಕಾಡಂಚಿನ ಆನೆ ಕಂದಕದ ಕಡೆಗೆ ಇಳಿಯಿತು.

ಮೆಳೆಯ ತುದಿಯಿಂದ ಕರಿಯ ಹಕ್ಕಿಯೊಂದು ಹಾರಿತು. ಬಾಲದ ಎರಡು ಎಳೆಗಳು ಹಿಂದೆ ಜೋಲಾಡಿದವು.

"ನೋಡಿದ್ರಾ, ಭೀಮರಾಜ," ಎಂದ ಶಶಿಕುಮಾರ. ಬೆವರು ಒರೆಸಿಕೊಂಡ. "ಬೀರಯ್ಯನತ್ರನೇ ಕಲ್ತದೆ. ಆನೆ ಕಂಡ್ರೆ ಮೂರ್ನೇದ್ನ ಕೂಗ್ತದೆ, ಅಷ್ಟೆಯ."

"ಅಷ್ಟೇ," ಎಂದ ಜಿಯಾವುಲ್ಲಾ. ಹಕ್ಕಿ ಮೊದಲೆರಡನ್ನು ಊಟದ ಹೊತ್ತಿಗೇ ಯಾಕೆ ಕೂಗುತ್ತದೆಂದು ಶಶಿಕುಮಾರ ಹೇಳಲಿಲ್ಲ. ಜಿಯಾವುಲ್ಲಾ ಕೇಳಲೂ ಇಲ್ಲ.

ಸಣ್ಣತಾಯಮ್ಮ ಬುತ್ತಿ ಬಿಚ್ಚಿ ಮುದ್ದೆಯನ್ನು ಮೂರು ಪಾಲು ಮಾಡಿದಳು. "ಇಲ್ಲೇ ತಿನ್ನಿ. ಆರೋಯ್ತದೆ." ತಿನ್ನುವಾಗ ಅಟ್ಟಣೆಯ ಕಡೆ ಗದ್ದ ಚಾಚಿ ತೋರಿಸಿದಳು. "ಅದ್ನ ಬಿಚ್ಚಾಕ್ಲಾ ಶಶಿ. ಅಲ್ಲಿ ಯಾರು ಕೂತವ್ರೆ ಈಗ? ಬಿದ್ರು ಚೆನ್ನಾಗದೆ, ಸಾಬಣ್ಣ ತಗೊಂಡೋಗ್ಲಿ."

ಅಳಿಸಿದ ವೀಡಿಯೊವನ್ನು ಜಿಯಾವುಲ್ಲಾ ಮತ್ತೆ ಹಾಕಲಿಲ್ಲ. ಎಲ್ಲಿ ಹೋಯಿತೆಂದು ಕೇಳುವವರ ಕಮೆಂಟು ಕಡಿಮೆಯಾಗುತ್ತಿದೆ. ಎರಡು ತೂತಿನ ಪೀಪಿ ಉಳಿಗಳ ಡಬ್ಬದಲ್ಲಿದೆ. ಅದನ್ನು ಮನೆಯೊಳಗೆ ಊದಕೂಡದೆಂದು ಅಜೀಜಾ ಹೇಳಿದ್ದಾಳೆ, ಅವನು ಒಪ್ಪಿದ್ದಾನೆ. ಸಣ್ಣತಾಯಮ್ಮ ಈಗಲೂ ಎರಡು ಕೂಗಿಗೆ ಬುತ್ತಿ ಕಟ್ಟುತ್ತಾಳೆ, ಹೊಲದ ನಡುವೆ ನಿಂತು ಮೂರನೆಯದಕ್ಕೆ ಕಾಯುತ್ತಾಳೆ. ಅವಳು ನಿಲ್ಲುವ ಜಾಗದಲ್ಲಿ ಶಶಿಕುಮಾರ ಒಂದು ಕಲ್ಲು ಹಾಕಿದ್ದಾನೆ, ಕೂರುವುದಕ್ಕೆ.

ಬರುವ ಬುಧವಾರ ಅಟ್ಟಣೆಯ ನಾಲ್ಕು ಕಾಲುಗಳು ಗೂಡ್ಸ್ ಆಟೊದಲ್ಲಿ ಗುಂಡ್ಲುಪೇಟೆಗೆ ಬರುತ್ತವೆ.